ದಸರಾ ಮುಗಿಸಿ ಹೊರಡುವುದೋ, ಸೆಪ್ಟೆಂಬರ್‌ನಲ್ಲೇ ಹೊರಡುವುದೋ: ವರ್ಷದ ನಡುವೆ ಹೊರದೇಶದ ಕೆಲಸಕ್ಕೆ ಹೋಗುವವರ ತೆರಿಗೆ ಲೆಕ್ಕ

ಮಂಡಗದ್ದೆ_ಹಕ್ಕಿ
ಎಲ್ಲರಿಗೂ ನಮಸ್ಕಾರ. ವಿವರ ಇಷ್ಟು: ಶಿವಮೊಗ್ಗದಲ್ಲಿ ವಾಸ, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ, ವಾರ್ಷಿಕ ಸಂಬಳ 18 ಲಕ್ಷ. ದುಬೈನಲ್ಲಿ ಹೊಸ ಕೆಲಸ, ತಿಂಗಳಿಗೆ 20,000 ದಿರ್ಹಮ್, 2025ರ ಅಕ್ಟೋಬರ್ 6ಕ್ಕೆ ಸೇರಬೇಕು. ಅಕ್ಟೋಬರ್ 2ರ ವಿಜಯದಶಮಿ ಮುಗಿಸಿ 3ಕ್ಕೆ ಹೊರಡುವ ಯೋಚನೆ. ಹೆಂಡತಿ, ಮಗಳು ಶಾಲೆ ಮುಗಿಯುವವರೆಗೆ ಇಲ್ಲೇ. ತೀರ್ಥಹಳ್ಳಿ ಕಡೆ ತಂದೆಯ ಹೆಸರಿನಲ್ಲಿ ಅಡಿಕೆ ತೋಟ ಇದೆ, ಪಕ್ಕದ ಒಂದು ಎಕರೆ ಕೊಳ್ಳುವ ಮಾತೂ ನಡೆದಿದೆ. ದುಬೈ ಸಂಬಳಕ್ಕೆ ಇಲ್ಲಿ ತೆರಿಗೆ ಬರುತ್ತದೆಯೇ? ಒಬ್ಬರು ಇಲ್ಲ ಅನ್ನುತ್ತಾರೆ, ಇನ್ನೊಬ್ಬರು ಪೂರ್ತಿ ಬರುತ್ತದೆ ಅನ್ನುತ್ತಾರೆ.

ಲೆಕ್ಕದ_ಕಡತ
ಇಬ್ಬರೂ ಹೇಳಿದ್ದು ಸರಿ. ಯಾವುದು ನಿಮಗೆ ಅನ್ವಯವಾಗುತ್ತದೆ ಅನ್ನುವುದನ್ನು ನೀವು ಹೊರಡುವ ದಿನಾಂಕ ನಿರ್ಧರಿಸುತ್ತದೆ.

ನಮ್ಮ ಹಣಕಾಸು ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಆ ಅವಧಿಯಲ್ಲಿ ಭಾರತದಲ್ಲಿ 182 ದಿನ ಅಥವಾ ಹೆಚ್ಚು ಇದ್ದವರು ನಿವಾಸಿ. ಎರಡನೆಯ ಅಳತೆಯೂ ಒಂದಿದೆ: ಆ ವರ್ಷ 60 ದಿನ, ಜೊತೆಗೆ ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದರೂ ನಿವಾಸಿಯೇ. ಹುಟ್ಟಿದಾಗಿನಿಂದ ಇಲ್ಲೇ ಇದ್ದವರು ಈ ಎರಡನೆಯ ಅಳತೆಯಲ್ಲಿ ಸಿಕ್ಕಿಬೀಳುತ್ತಾರೆ. ಆದರೆ ಉದ್ಯೋಗಕ್ಕಾಗಿ ದೇಶ ಬಿಡುವ ಭಾರತೀಯ ಪ್ರಜೆಗೆ, ಬಿಟ್ಟ ವರ್ಷದ ಮಟ್ಟಿಗೆ, 1961ರ ಕಾಯ್ದೆಯ 6ನೇ ಸೆಕ್ಷನ್ನಿನ ವಿವರಣೆ ಆ 60ನ್ನು 182 ಮಾಡುತ್ತದೆ. ಹಾಗಾಗಿ ನೀವು 182ನ್ನು ಮಾತ್ರ ನೋಡಿದರೆ ಸಾಕು.

ಎಣಿಸಿ: ಏಪ್ರಿಲ್ 30, ಮೇ 31, ಜೂನ್ 30, ಜುಲೈ 31, ಆಗಸ್ಟ್ 31. ಒಟ್ಟು 153. ಸೆಪ್ಟೆಂಬರ್ 28ಕ್ಕೆ 181. ಸೆಪ್ಟೆಂಬರ್ 29ಕ್ಕೆ 182. ಹೊರಡುವ ದಿನವೂ ಇಲ್ಲಿದ್ದ ದಿನವೆಂದೇ ಲೆಕ್ಕ. ಅಕ್ಟೋಬರ್ 3ಕ್ಕೆ ಹೊರಟರೆ 186 ದಿನ, ಅಂದರೆ ಇಡೀ 2025-26ಕ್ಕೆ ನೀವು ನಿವಾಸಿ. ಇಡೀ ವರ್ಷಕ್ಕೆ ಅನ್ನುವುದನ್ನು ಗಮನಿಸಿ. ಬ್ರಿಟನ್ನಿನಲ್ಲಿ ಇರುವಂತೆ ವರ್ಷವನ್ನು ಒಡೆದು ಅರ್ಧ ನಿವಾಸಿ, ಅರ್ಧ ಅನಿವಾಸಿ ಮಾಡುವ ಪದ್ಧತಿ ನಮ್ಮ ಕಾಯ್ದೆಯಲ್ಲಿ ಇಲ್ಲ. ನಿವಾಸಿಯಾದರೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ದುಬೈ ಸಂಬಳವೂ ಇಲ್ಲಿನ ಆದಾಯಕ್ಕೆ ಸೇರುತ್ತದೆ.

ಕೋಟೆ_ರಸ್ತೆ
ಮೇಲಿನದಕ್ಕೆ ಅಂಕಿ ಸೇರಿಸುತ್ತೇನೆ. ದಸರೆಯ ನಾಲ್ಕು ದಿನಕ್ಕೆ ಎಷ್ಟು ಬೆಲೆ ಅನ್ನುವುದು ಅಂಕಿಯಲ್ಲಿ ಕಂಡರೇ ಮನಸ್ಸಿಗೆ ಇಳಿಯುವುದು.

ಇಲ್ಲಿನ ಆರು ತಿಂಗಳ ಸಂಬಳ 9 ಲಕ್ಷ. ದುಬೈನ ಆರು ತಿಂಗಳು 1,20,000 ದಿರ್ಹಮ್. ದಿರ್ಹಮ್‌ಗೆ 24 ರೂಪಾಯಿ ಹಿಡಿದರೆ 28.8 ಲಕ್ಷ. ಹೊಸ ಪದ್ಧತಿಯ 2025-26ರ ದರದಲ್ಲಿ:

ನಿವಾಸಿಯಾದರೆ ಒಟ್ಟು 37.8 ಲಕ್ಷ, 75,000 ಪ್ರಮಾಣಿತ ಕಡಿತ ಕಳೆದು 37.05 ಲಕ್ಷ. ಮೊದಲ 24 ಲಕ್ಷಕ್ಕೆ 3,00,000, ಉಳಿದ 13.05 ಲಕ್ಷಕ್ಕೆ ಶೇ 30ರಂತೆ 3,91,500. ಶೇ 4 ಸೆಸ್ ಸೇರಿ 7,19,160 ರೂಪಾಯಿ.

ಅನಿವಾಸಿಯಾದರೆ ಇಲ್ಲಿನ 9 ಲಕ್ಷ ಮಾತ್ರ. ಕಡಿತ ಕಳೆದು 8.25 ಲಕ್ಷ. 4ರಿಂದ 8 ಲಕ್ಷದ ಮೇಲೆ 20,000, ಮೇಲಿನ 25,000ಕ್ಕೆ 2,500. ಸೆಸ್ ಸೇರಿ 23,400.

ವ್ಯತ್ಯಾಸ 6,95,760 ರೂಪಾಯಿ. ಇದರ ಮೇಲೆ ಇನ್ನೊಂದು ಕಷ್ಟ: ದುಬೈನಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲ, ಹಾಗಾಗಿ "ಅಲ್ಲಿ ಕಟ್ಟಿದ್ದೇನೆ, ಇಲ್ಲಿ ಕಳೆಯಿರಿ" ಅನ್ನಲು ಏನೂ ಇರುವುದಿಲ್ಲ. ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದ ಆಸರೆಯೂ ಸುಲಭವಲ್ಲ. ಭಾರತ-ಯುಎಇ ಒಪ್ಪಂದದ ಪ್ರಕಾರ ಅಲ್ಲಿನ ನಿವಾಸಿ ಅನ್ನಿಸಿಕೊಳ್ಳಲು ಕ್ಯಾಲೆಂಡರ್ ವರ್ಷದಲ್ಲಿ 183 ದಿನ ಅಲ್ಲಿರಬೇಕು. ಅಕ್ಟೋಬರ್‌ನಲ್ಲಿ ಇಳಿದವರಿಗೆ 2025ರಲ್ಲಿ ಅದು ಸಾಧ್ಯವೇ ಇಲ್ಲ. ಕೊಲ್ಲಿಗೆ ಹೋಗುವವರಿಗೆ ಸೆಪ್ಟೆಂಬರ್ 28ರ ಗೆರೆ ಬೇರೆ ಯಾರಿಗಿಂತಲೂ ಕಟ್ಟುನಿಟ್ಟು.

ಮಂಡಗದ್ದೆ_ಹಕ್ಕಿ
ಇಷ್ಟು ದೊಡ್ಡ ಅಂತರ ಅಂದುಕೊಂಡಿರಲಿಲ್ಲ. ಹಾಗಾದರೆ 26ಕ್ಕೆ ಹೊರಡಬಹುದು. ದೀಪಾವಳಿಗೆ ಒಂದು ವಾರ, ಸಂಕ್ರಾಂತಿಗೆ ಒಂದು ವಾರ ಬಂದು ಹೋದರೆ ತೊಂದರೆ ಇಲ್ಲ ತಾನೆ?

ಲೆಕ್ಕದ_ಕಡತ
ತೊಂದರೆ ಇದೆ, ಹೆಚ್ಚಿನವರು ಎಡವುವುದೂ ಇಲ್ಲೇ. ಕಾಯ್ದೆ ಕೇಳುವುದು "ಯಾವಾಗ ಹೊರಟೆ" ಎಂದಲ್ಲ, "ವರ್ಷದಲ್ಲಿ ಒಟ್ಟು ಎಷ್ಟು ದಿನ ಇದ್ದೆ" ಎಂದು. 26ಕ್ಕೆ ಹೊರಟರೆ ಆಗಲೇ 179 ದಿನ ಆಗಿರುತ್ತದೆ. ಮಾರ್ಚ್ 31ರವರೆಗೆ ನಿಮಗೆ ಉಳಿದದ್ದು 2 ದಿನ. ದೀಪಾವಳಿಗೆ ಒಂದು ವಾರ ಬಂದರೆ 186. ಬೇಗ ಹೊರಟದ್ದು ವ್ಯರ್ಥ.

ತಿರುಗಿಸಿ ಲೆಕ್ಕ ಹಾಕಿ. 181ರಿಂದ, ಮಾರ್ಚ್‌ಗೆ ಮೊದಲು ಊರಿನಲ್ಲಿ ಕಳೆಯಬೇಕೆಂದಿರುವ ದಿನಗಳನ್ನು ಕಳೆಯಿರಿ. ಬರುವ ದಿನ, ಹೋಗುವ ದಿನ ಎರಡನ್ನೂ ಸೇರಿಸಿಯೇ ಎಣಿಸಿ. ಸಂಕ್ರಾಂತಿಗೆ 10 ದಿನ ಬೇಕೆಂದರೆ 171ನೇ ದಿನ, ಅಂದರೆ ಸೆಪ್ಟೆಂಬರ್ 18ಕ್ಕೆ ಹೊರಟಿರಬೇಕು. ಹಾಗೆ ಮಾಡಿದರೂ ಅಂಚಿನಲ್ಲೇ ನಿಂತಂತೆ: ವಿಮಾನ ರದ್ದಾಗುವುದು, ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪುವುದು, ಇದಕ್ಕೆಲ್ಲ ಕಾಯ್ದೆಯಲ್ಲಿ ರಿಯಾಯಿತಿ ಬರೆದಿಲ್ಲ. ಎರಡು ಮೂರು ದಿನ ಕೈಯಲ್ಲಿರಲಿ.

ಬಂದ ದಿನವನ್ನು ಎಣಿಸಬಾರದು ಎಂದ ನ್ಯಾಯಮಂಡಳಿ ತೀರ್ಪುಗಳಿವೆ, ನಿಜ. ಅವು ಮೇಲ್ಮನವಿಯಲ್ಲಿ ಹೋರಾಡುವಾಗಿನ ಆಯುಧ. ಅವನ್ನು ನಂಬಿ ಟಿಕೆಟ್ ಮಾಡಿಸಬೇಡಿ.

ಆಗುಂಬೆ_ಮಳೆ
ಟಿಕೆಟ್ ವಿಷಯ ಬಂದದ್ದರಿಂದ ಹೇಳುತ್ತೇನೆ. ಬೆಂಗಳೂರಿನಿಂದ ಹೊರಡುವ ಎಷ್ಟೋ ಅಂತರರಾಷ್ಟ್ರೀಯ ವಿಮಾನಗಳು ನಡುರಾತ್ರಿ, ಬೆಳಗಿನ ಜಾವದವು. "28ರ ರಾತ್ರಿ ವಿಮಾನ" ಎಂದು ಮನೆಯಲ್ಲಿ ಹೇಳುವುದು ಟಿಕೆಟ್‌ನಲ್ಲಿ 29ರ 03.30 ಎಂದಿರುತ್ತದೆ. ವಲಸೆ ಕೌಂಟರ್ ತಲುಪುವ ಹೊತ್ತಿಗೆ ಹನ್ನೆರಡು ದಾಟಿದ್ದರೆ ಪಾಸ್‌ಪೋರ್ಟ್‌ನಲ್ಲಿ 29ರ ಮುದ್ರೆ. ಒಂದು ಗಂಟೆಯ ತಡದಿಂದ 182ನೇ ದಿನ ಬಂದುಬಿಡುತ್ತದೆ. ಶಿವಮೊಗ್ಗದಿಂದ ದೇವನಹಳ್ಳಿಗೆ 300 ಕಿಲೋಮೀಟರ್ ಮೇಲೆ ದಾರಿ ಇದೆ, ಮಳೆಗಾಲದ ಕೊನೆ ಬೇರೆ. ಸೋಗಾನೆಯ ಶಿವಮೊಗ್ಗ ನಿಲ್ದಾಣದಿಂದ ವಿಮಾನ ಹತ್ತಿದರೂ ಅದು ದೇಶದೊಳಗಿನ ಪ್ರಯಾಣ, ದಿನ ಎಣಿಕೆಗೆ ಲೆಕ್ಕಕ್ಕಿಲ್ಲ. ಅಂತರರಾಷ್ಟ್ರೀಯ ನಿಲ್ದಾಣದ ವಲಸೆ ಮುದ್ರೆ ಮಾತ್ರ ಪ್ರಮಾಣ.

ಇ-ಗೇಟ್ ಬಳಸಿದರೆ ಮುದ್ರೆ ಬೀಳದೆಯೂ ಇರಬಹುದು. ಬೋರ್ಡಿಂಗ್ ಪಾಸ್, ಟಿಕೆಟ್ ಇಮೇಲ್ ಎರಡನ್ನೂ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ನೋಟಿಸ್ ಬರುವುದು ಎರಡು ಮೂರು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ವಿಮಾನ ಸಂಸ್ಥೆಯ ಆ್ಯಪ್‌ನಲ್ಲಿ ಹಳೆಯ ಪ್ರಯಾಣ ಸಿಗುವುದಿಲ್ಲ.

ಮಂಡಗದ್ದೆ_ಹಕ್ಕಿ
ಕೆಲಸಕ್ಕೆ ಸೇರುವುದು ಅಕ್ಟೋಬರ್ 6. ಸೆಪ್ಟೆಂಬರ್ ನಡುವೆಯೇ ಹೊರಟರೆ "ಉದ್ಯೋಗಕ್ಕಾಗಿ ಹೋದದ್ದು" ಎಂದು ಒಪ್ಪುತ್ತಾರೆಯೇ?

ಕೋಟೆ_ರಸ್ತೆ
ಒಪ್ಪಲೇಬೇಕು. ಸೇರುವ ದಿನವೇ ವಿಮಾನ ಹತ್ತಬೇಕು ಎಂದು ಕಾಯ್ದೆ ಹೇಳಿಲ್ಲ, ಹೋಗುವ ಉದ್ದೇಶ ಉದ್ಯೋಗವಾಗಿರಬೇಕು ಅಷ್ಟೆ. ನೇಮಕಾತಿ ಪತ್ರದ ದಿನಾಂಕ ನೀವು ಹೊರಡುವ ದಿನಕ್ಕಿಂತ ಹಿಂದಿನದಾಗಿರಲಿ, ಉದ್ಯೋಗದ ಪ್ರವೇಶ ಪರವಾನಗಿಯ ಮೇಲೆಯೇ ಹೋಗಿ. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳುವ ದಾರಿ ಹಿಡಿದರೆ ಇದೇ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಾಗುತ್ತದೆ. ಸ್ವಂತ ವ್ಯಾಪಾರ, ವೃತ್ತಿಗೆ ಹೋಗುವವರಿಗೂ ಈ ರಿಯಾಯಿತಿ ಉಂಟು ಎಂದು ಕೇರಳ ಹೈಕೋರ್ಟ್ 2011ರಲ್ಲಿ ಹೇಳಿದೆ. ಓದಲು ಹೋಗುವವರಿಗೆ, ಗಂಡ ಅಥವಾ ಹೆಂಡತಿಯ ಜೊತೆ ಅವಲಂಬಿತರಾಗಿ ಹೋಗುವವರಿಗೆ ಇಲ್ಲ.

ಸಾಗರದ_ಸಂಪಿಗೆ
ಆ ಕೊನೆಯ ಮಾತನ್ನು ಬಿಡಿಸಿ ಹೇಳಲೇಬೇಕು. ಹೆಂಡತಿಯ ವಿಷಯ ಯಾರೂ ಕೇಳುವುದೇ ಇಲ್ಲ, ಗಂಡನ ಲೆಕ್ಕವೇ ಇಬ್ಬರದೂ ಎಂದುಕೊಳ್ಳುತ್ತಾರೆ. ತೆರಿಗೆಯಲ್ಲಿ ಪ್ರತಿಯೊಬ್ಬರೂ ಬೇರೆ ಬೇರೆ.

ಅವಲಂಬಿತರ ವೀಸಾದಲ್ಲಿ ಹೋಗುವವರಿಗೆ ಹೊರಟ ವರ್ಷದಲ್ಲಿ 60 ದಿನದ ಅಳತೆಯೇ ಅನ್ವಯ. ನಿಮ್ಮ ಮನೆಯವರು ಮಾರ್ಚ್ ಕೊನೆಯವರೆಗೆ ಇಲ್ಲಿದ್ದರೆ 2025-26ಕ್ಕೆ ಹೇಗೂ ನಿವಾಸಿ. ಮುಂದಿನ ವರ್ಷ ಏಪ್ರಿಲ್ 1ರಿಂದ ಎಣಿಸಿದರೆ 2026ರ ಮೇ 29ಕ್ಕೆ 59 ದಿನ. ಜೂನ್‌ನಲ್ಲಿ ಹೊರಟರೆ 2026-27ಕ್ಕೂ ನಿವಾಸಿಯೇ ಆಗುತ್ತಾರೆ. ಆದಾಯ ಇಲ್ಲದಿದ್ದರೆ ಏನಂತೆ ಅನ್ನಬೇಡಿ. ದುಬೈ ಬ್ಯಾಂಕಿನ ಜಂಟಿ ಖಾತೆಯಲ್ಲಿ ಅವರ ಹೆಸರಿದ್ದರೆ, ನಿವಾಸಿಯಾದ ಅವರು ರಿಟರ್ನ್ ಹಾಕಿ ಅದರ ಎಫ್‌ಎ (ವಿದೇಶಿ ಆಸ್ತಿ) ಅನುಸೂಚಿಯಲ್ಲಿ ಆ ಖಾತೆಯನ್ನು ತೋರಿಸಬೇಕು. ತೋರಿಸದಿದ್ದರೆ ಕಪ್ಪುಹಣ ಕಾಯ್ದೆಯಡಿ ದಂಡ 10 ಲಕ್ಷ ರೂಪಾಯಿ. 2024ರ ಅಕ್ಟೋಬರ್ 1ರಿಂದ, ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿ ಒಟ್ಟು 20 ಲಕ್ಷ ಮೀರದಿದ್ದರೆ ದಂಡ ಇಲ್ಲ. ಆದರೆ ತೋರಿಸುವ ಹೊಣೆ ತಪ್ಪಿಲ್ಲ. ಅವರು ಅಲ್ಲಿಗೆ ಹೋಗಿ ನೆಲೆಸುವವರೆಗೆ ಆ ಖಾತೆ ನಿಮ್ಮ ಒಬ್ಬರ ಹೆಸರಿನಲ್ಲೇ ಇರಲಿ.

ಎಫ್‌ಎ ಅನುಸೂಚಿ ನೋಡುವುದು ಕ್ಯಾಲೆಂಡರ್ ವರ್ಷವನ್ನು. 2025-26ರ ರಿಟರ್ನ್‌ನಲ್ಲಿ 2025ರ ಡಿಸೆಂಬರ್ 31ಕ್ಕೆ ಮುಗಿದ ವರ್ಷದ ಖಾತೆಗಳು. ಜನವರಿಯಲ್ಲಿ ತೆರೆದದ್ದು ಮುಂದಿನ ರಿಟರ್ನ್‌ಗೆ.

ಶರಾವತಿ_ಎಡದಂಡೆ
ಅನಿವಾಸಿಯಾದರೆ ಎಲ್ಲ ಲಾಭವೇ ಎಂಬಂತೆ ಚರ್ಚೆ ಹೋಗುತ್ತಿದೆ. ಕಳೆದುಕೊಳ್ಳುವುದೂ ಇದೆ.

ಮೊದಲನೆಯದು 87ಎ ರಿಯಾಯಿತಿ. 12 ಲಕ್ಷದವರೆಗೆ ತೆರಿಗೆ ಸೊನ್ನೆ ಅನ್ನುವುದು ನಿವಾಸಿಗಳಿಗೆ ಮಾತ್ರ. ಅದಕ್ಕೇ ಮೇಲೆ ಅನಿವಾಸಿ ಲೆಕ್ಕದಲ್ಲಿ 23,400 ಬಂದದ್ದು. ಕೆಲಸ ಬಿಡುವಾಗ ಕಂಪನಿಯ ವೇತನ ವಿಭಾಗ ನಿಮ್ಮನ್ನು ನಿವಾಸಿ ಎಂದೇ ಹಿಡಿಯುತ್ತದೆ, 8.25 ಲಕ್ಷಕ್ಕೆ ತೆರಿಗೆ ಇಲ್ಲ ಎಂದು ಕೊನೆಯ ತಿಂಗಳುಗಳ ಕಡಿತ ನಿಲ್ಲಿಸಿಬಿಡುತ್ತದೆ. ಏಪ್ರಿಲ್‌ನಿಂದ 18 ಲಕ್ಷದ ಅಂದಾಜಿನಲ್ಲಿ ಕಡಿತ ಆಗಿದ್ದರೆ ಚಿಂತೆ ಇಲ್ಲ: ವರ್ಷದ ತೆರಿಗೆ 1,50,800, ಆರು ತಿಂಗಳಿಗೆ 75,400 ಕಟ್ಟಿರುತ್ತಾರೆ, 52,000 ನಿಮಗೆ ವಾಪಸ್ ಬರಬೇಕು. ಕಡಿತವೇ ಆಗಿರದಿದ್ದರೆ ಬಾಕಿ 10,000 ಮೀರಿದಾಗ ಮುಂಗಡ ತೆರಿಗೆ ನಿಮ್ಮ ಹೊಣೆ. ಡಿಸೆಂಬರ್ 15 ಮತ್ತು ಮಾರ್ಚ್ 15ರ ಕಂತು ತಪ್ಪಿಸಿದರೆ 234ಬಿ, 234ಸಿ ಬಡ್ಡಿ, ತಿಂಗಳಿಗೆ ಶೇ 1.

ಎರಡನೆಯದು: ಷೇರು, ಮ್ಯೂಚುವಲ್ ಫಂಡ್ ಮಾರಿದ ಲಾಭ. ನಿವಾಸಿಯಾದರೆ ಬೇರೆ ಆದಾಯ ಕಡಿಮೆ ಇದ್ದಾಗ ಮೂಲ ವಿನಾಯಿತಿಯ ಉಳಿಕೆಯನ್ನು ಆ ಲಾಭಕ್ಕೆ ಹೊಂದಿಸಿಕೊಳ್ಳಬಹುದು; ಅನಿವಾಸಿಗೆ ಆ ಅವಕಾಶ ಇಲ್ಲ.

ಮೂರನೆಯದು: ಶಿವಮೊಗ್ಗದ ಮನೆ ಮುಂದೆ ಬಾಡಿಗೆಗೆ ಹೋದರೆ, ಅನಿವಾಸಿ ಮಾಲೀಕನಿಗೆ ಕೊಡುವ ಬಾಡಿಗೆಯಲ್ಲಿ ಬಾಡಿಗೆದಾರ 1961ರ ಕಾಯ್ದೆಯ 195ನೇ ಸೆಕ್ಷನ್ ಪ್ರಕಾರ ಶೇ 31.2 ಹಿಡಿದು ಕಟ್ಟಬೇಕು. ಕನಿಷ್ಠ ಮಿತಿ ಇಲ್ಲ. 20,000 ಬಾಡಿಗೆಗೆ 6,240. ವಿನೋಬನಗರದಲ್ಲೋ ಗೋಪಾಳದಲ್ಲೋ ಮನೆ ಹಿಡಿದ ಸಾಮಾನ್ಯ ಕುಟುಂಬಕ್ಕೆ ತೆರಿಗೆ ಹಿಡಿಯುವವರಿಗೆ ಬೇಕಾದ ಟ್ಯಾನ್ ಸಂಖ್ಯೆ ತೆಗೆದು ಮೂರು ತಿಂಗಳಿಗೊಮ್ಮೆ 27ಕ್ಯು ಎಂಬ ಕಡಿತದ ವಿವರ ಸಲ್ಲಿಸುವುದು ದೊಡ್ಡ ಹೊರೆ. ಆದ್ದರಿಂದ ಬಾಡಿಗೆ ಕರಾರಿಗೆ ಮುಂಚೆಯೇ ಹೇಳಿ, ಕಡಿಮೆ ದರದ ಕಡಿತಕ್ಕೆ ನಮೂನೆ 13ರಲ್ಲಿ ಅರ್ಜಿ ಹಾಕಿ ಪ್ರಮಾಣಪತ್ರ ತೆಗೆದುಕೊಡಿ. ಅವರಿಗೆ ಮುಚ್ಚಿಟ್ಟು ಆಮೇಲೆ ಅವರ ಹೆಸರಿಗೆ ನೋಟಿಸ್ ಬರುವಂತೆ ಮಾಡುವುದು ಅನ್ಯಾಯ.

ತೋಟದಮನೆ
ಪಕ್ಕದ ಒಂದು ಎಕರೆ ವಿಷಯಕ್ಕೆ ಬರುತ್ತೇನೆ. ಇದು ಆದಾಯ ತೆರಿಗೆ ಅಲ್ಲ, ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ. ಎರಡರಲ್ಲೂ "ಅನಿವಾಸಿ" ಎಂಬ ಪದ ಇದೆ, ಅರ್ಥ ಬೇರೆ. ಆದಾಯ ತೆರಿಗೆ ದಿನ ಎಣಿಸುತ್ತದೆ. ಫೆಮಾದಲ್ಲಿ ಉದ್ಯೋಗಕ್ಕೆಂದು ದೇಶ ಬಿಟ್ಟ ದಿನದಿಂದಲೇ ನೀವು ಹೊರಗಿನ ನಿವಾಸಿ. ಅಕ್ಟೋಬರ್ 3ಕ್ಕೆ ಹೋದವರು ತೆರಿಗೆಗೆ ವರ್ಷಪೂರ್ತಿ ನಿವಾಸಿ, ಫೆಮಾಗೆ ಅಂದಿನಿಂದಲೇ ಅನಿವಾಸಿ. ಎರಡೂ ಒಟ್ಟಿಗೆ ನಿಜ.

ಅನಿವಾಸಿ ಭಾರತೀಯ ಮನೆ, ಸೈಟು ಕೊಳ್ಳಬಹುದು. ಕೃಷಿ ಭೂಮಿ, ಪ್ಲಾಂಟೇಶನ್, ತೋಟದ ಮನೆ ಕೊಳ್ಳುವಂತಿಲ್ಲ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ "ಈಗ ಯಾರು ಬೇಕಾದರೂ ಕೊಳ್ಳಬಹುದು" ಎಂದು ತಾಲ್ಲೂಕು ಕಚೇರಿ ಸುತ್ತ ಹೇಳುತ್ತಾರೆ. ಅದು ರಾಜ್ಯದ ನಿರ್ಬಂಧ ಹೋದದ್ದು. ಕೇಂದ್ರದ ಫೆಮಾ ನಿರ್ಬಂಧ ಹಾಗೇ ಇದೆ. ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರ ನೋಂದಣಿ ಆಗಿಬಿಡಬಹುದು, ಪಹಣಿಗೂ ಹೆಸರು ಬರಬಹುದು. ಅಷ್ಟಕ್ಕೇ ಅದು ಸಕ್ರಮವಾಗುವುದಿಲ್ಲ. ದಂಡ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು.

ಹಾಗಾಗಿ ಕೊಳ್ಳುವುದು ನಿಜವಾದರೆ ಹೊರಡುವ ಮೊದಲೇ ನೋಂದಣಿ ಮುಗಿಸಿ. ಮುಂಗಡ ಕೊಟ್ಟು ಕರಾರು ಮಾಡಿಕೊಂಡು, ದುಬೈನಿಂದ ಹಣ ಕಳಿಸಿ ಮುಂದಿನ ವರ್ಷ ಕ್ರಯ ಮಾಡಿಸುತ್ತೇನೆ ಅನ್ನುವುದು ಬೇಡ. ನಿವಾಸಿಯಾಗಿದ್ದಾಗ ಕೊಂಡದ್ದನ್ನು ಹೋದ ಮೇಲೂ ಇಟ್ಟುಕೊಳ್ಳಲು ಫೆಮಾ 6(5) ಬಿಡುತ್ತದೆ. ಮನೆಯವರು ಇಲ್ಲೇ ನೆಲೆಸಿರುವವರೆಗೆ ಅವರು ತಮ್ಮ ಹೆಸರಿನಲ್ಲಿ ಕೊಳ್ಳಲೂ ಫೆಮಾ ಅಡ್ಡಿ ಇಲ್ಲ.

ತಂದೆಯ ತೋಟ: ಉಯಿಲಿನಿಂದಲೋ ವಾರಸಾಗಿಯೋ ಬಂದರೆ ಅನಿವಾಸಿಗೂ ಪಡೆಯಬಹುದು. ದಾನಪತ್ರದಿಂದ ಕೃಷಿ ಭೂಮಿ ಪಡೆಯುವಂತಿಲ್ಲ. ನೋಂದಣಿ ಖರ್ಚು ಕಡಿಮೆ ಎಂದು ಅಪ್ಪ ಮಗನಿಗೆ ದಾನಪತ್ರ ಬರೆಯುವುದು ನಮ್ಮ ಕಡೆ ಮಾಮೂಲು. ಮಗ ಹೊರದೇಶದಲ್ಲಿದ್ದಾಗ ಅದೇ ಕಾಗದ ತೊಡಕಾಗುತ್ತದೆ. ಬರೆಯುವುದಿದ್ದರೆ ಈಗಲೇ, ಇಲ್ಲದಿದ್ದರೆ ಉಯಿಲು. ಮುಂದೆ ಮಾರುವ ಸಂದರ್ಭ ಬಂದರೆ ಭಾರತದಲ್ಲಿ ವಾಸಿಸುವ ಭಾರತೀಯ ಪ್ರಜೆಗೇ ಮಾರಬೇಕು.

ಮಂಡಗದ್ದೆ_ಹಕ್ಕಿ
ತೋಟ ಮುಂದೆ ನನ್ನ ಹೆಸರಿಗೆ ಬಂದರೆ ಅಡಿಕೆ ಆದಾಯಕ್ಕೆ ಅನಿವಾಸಿಗೂ ವಿನಾಯಿತಿ ಇದೆಯೇ?

ತೋಟದಮನೆ
ಇದೆ. ಭಾರತದ ಭೂಮಿಯ ಕೃಷಿ ಆದಾಯಕ್ಕೆ 10(1) ವಿನಾಯಿತಿ ಯಾರಿಗಾದರೂ ಒಂದೇ. ಸುಲಿದು, ಬೇಯಿಸಿ, ಒಣಗಿಸಿ ರಾಶಿ, ಬೆಟ್ಟೆ ಬಗೆಯ ಅಡಿಕೆ ಮಾಡಿ ಮಂಡಿಗೋ ಸೊಸೈಟಿಗೋ ಹಾಕುವವರೆಗೆ ಅದು ಬೆಳೆಗಾರನ ಸಾಮಾನ್ಯ ಸಂಸ್ಕರಣೆ, ಕೃಷಿ ಆದಾಯವೇ. ಕಾಫಿ ಇದ್ದವರು ಎಚ್ಚರ: ತಾವೇ ಬೆಳೆದು ಕ್ಯೂರಿಂಗ್ ಮಾಡಿಸಿ ಮಾರಿದರೆ ನಿಯಮ 7ಬಿ ಪ್ರಕಾರ ಶೇ 25 ವ್ಯಾಪಾರ ಆದಾಯ.

ಆದರೆ ವಿನಾಯಿತಿ ಎಂದರೆ ಲೆಕ್ಕಕ್ಕೇ ಬರುವುದಿಲ್ಲ ಎಂದಲ್ಲ. ನಿವ್ವಳ ಕೃಷಿ ಆದಾಯ 5,000 ಮೀರಿ, ಉಳಿದ ಆದಾಯ ಮೂಲ ವಿನಾಯಿತಿ ಮೀರಿದರೆ ದರ ನಿರ್ಧರಿಸಲು ಅದನ್ನು ಸೇರಿಸುತ್ತಾರೆ. 8.25 ಲಕ್ಷ ಸಂಬಳದ ಜೊತೆ 3 ಲಕ್ಷ ಅಡಿಕೆ ಇದೆ ಎನ್ನಿ. 11.25 ಲಕ್ಷದ ತೆರಿಗೆ 52,500. ಅದರಿಂದ 7 ಲಕ್ಷದ, ಅಂದರೆ 4 ಲಕ್ಷ ವಿನಾಯಿತಿ ಮತ್ತು 3 ಲಕ್ಷ ಅಡಿಕೆಯ, ತೆರಿಗೆ 15,000 ಕಳೆಯಿರಿ. 37,500, ಸೆಸ್ ಸೇರಿ 39,000. ಅಡಿಕೆಗೆ ತೆರಿಗೆ ಇಲ್ಲ, ಆದರೂ ಅದರಿಂದ ಸಂಬಳದ ತೆರಿಗೆ 15,600 ಏರಿತು.

ಲೆಕ್ಕದ_ಕಡತ
ಅದಕ್ಕೆ ಪೂರಕವಾಗಿ ಒಂದು ಒಳ್ಳೆಯ ಸುದ್ದಿ. ಅನಿವಾಸಿಗಳಿಗೆ ಎಲ್ಲ ಕಡೆ ಕೇಳುವ 15 ಲಕ್ಷದ ಮಿತಿಯೊಳಗೆ ಕೃಷಿ ಆದಾಯ ಸೇರುವುದಿಲ್ಲ, ಎನ್‌ಆರ್‌ಇ (ಹೊರದೇಶದ ದುಡಿಮೆ ಇಡುವ ಅನಿವಾಸಿ ಖಾತೆ) ಬಡ್ಡಿಯೂ ಸೇರುವುದಿಲ್ಲ. ಎರಡೂ ವಿನಾಯಿತಿ ಪಡೆದವು. ಬಾಡಿಗೆ, ಎನ್‌ಆರ್‌ಒ (ಇಲ್ಲಿನ ಆದಾಯ ಇಡುವ ಅನಿವಾಸಿ ಖಾತೆ) ಬಡ್ಡಿ, ಷೇರು ಲಾಭ, ಇಲ್ಲಿನ ಸಂಬಳ ಸೇರುತ್ತವೆ.

ಆ ಮಿತಿ ಎರಡು ಕಡೆ ಬೇಕಾಗುತ್ತದೆ. ಒಂದು, 2026ರ ಏಪ್ರಿಲ್‌ನಿಂದ ನೀವು ಭೇಟಿಗೆ ಬರುವವರು. 181 ದಿನದವರೆಗೆ ಇರಬಹುದು. ಇಲ್ಲಿನ ಆದಾಯ 15 ಲಕ್ಷ ಮೀರಿದರೆ ಅದು 119 ದಿನಕ್ಕೆ ಇಳಿಯುತ್ತದೆ. ಎರಡು, ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯ ಇಲ್ಲಿನ ಆದಾಯ 15 ಲಕ್ಷ ಮೀರಿದರೆ 6(1ಎ) ಪ್ರಕಾರ ಆತ ನಿವಾಸಿಯೆಂದೇ ಭಾವನೆ. ಕೊಲ್ಲಿಯವರು ಇದಕ್ಕೆ ಬಹಳ ಹೆದರುತ್ತಾರೆ. ಎರಡೂ ಸಂದರ್ಭದಲ್ಲಿ ಸಿಗುವುದು "ಸಾಮಾನ್ಯ ನಿವಾಸಿಯಲ್ಲದ ನಿವಾಸಿ" ಸ್ಥಾನ. ಅವರಿಗೆ ಹೊರದೇಶದಲ್ಲಿ ದುಡಿದ ಸಂಬಳದ ಮೇಲೆ ಇಲ್ಲಿ ತೆರಿಗೆ ಇಲ್ಲ, ಎಫ್‌ಎ ಅನುಸೂಚಿಯೂ ಇಲ್ಲ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, 2025 ಜಾರಿ. "ತೆರಿಗೆ ವರ್ಷ" ಎಂಬ ಹೊಸ ಹೆಸರು ಬರುತ್ತದೆ. 182, 60, 365ರ ಅಳತೆಗಳು ಅಲ್ಲೂ ಅವೇ.

ಹೊಸನಗರ_ಹಳ್ಳ
ಜರ್ಮನಿಗೆ ಅಕ್ಟೋಬರ್ 10ಕ್ಕೆ ಹೋಗುವವರಿಗೂ ಇದೇ ಲೆಕ್ಕವೇ? ಸೇರುವ ದಿನ ಹಿಂದೆ ಹಾಕಲು ಸಾಧ್ಯವಿಲ್ಲ, ವೀಸಾ ತಡ.

ಕೋಟೆ_ರಸ್ತೆ
ದಿನ ಎಣಿಕೆ ಅದೇ, ಪರಿಣಾಮ ಬೇರೆ. ನೀವು 193 ದಿನದ ನಿವಾಸಿ, ಜರ್ಮನಿ ಸಂಬಳ ಇಲ್ಲಿನ ರಿಟರ್ನ್‌ಗೆ ಬರುತ್ತದೆ. ಆದರೆ ಅಲ್ಲಿ ತೆರಿಗೆ ಕಡಿತ ಆಗಿರುತ್ತದೆ, ಒಪ್ಪಂದದಡಿ ಅದನ್ನು ಇಲ್ಲಿನ ತೆರಿಗೆಯಿಂದ ಕಳೆಯಬಹುದು. ಎಡವುವ ಜಾಗಗಳು ಇವು.

ಹೊರದೇಶದಲ್ಲಿ ಕಟ್ಟಿದ ತೆರಿಗೆಯ ವಿವರ ಕೊಡುವ ನಮೂನೆ 67 ಸಲ್ಲಿಸದೆ ರಿಟರ್ನ್‌ನಲ್ಲಿ ಮಾತ್ರ ಕಳೆದರೆ ಸಿಪಿಸಿ (ರಿಟರ್ನ್ ಪರಿಶೀಲಿಸುವ ಇಲಾಖೆಯ ಕೇಂದ್ರ) ಆ ಕಳೆತವನ್ನು ಒಪ್ಪದೆ ಬೇಡಿಕೆ ಕಳಿಸುತ್ತದೆ. ಮೊದಲು ನಮೂನೆ, ಆಮೇಲೆ ರಿಟರ್ನ್ ಎಂಬ ಕ್ರಮ ಇಟ್ಟುಕೊಳ್ಳಿ. ಸಾಮಾಜಿಕ ಭದ್ರತೆಯ ಕಡಿತ ಆದಾಯ ತೆರಿಗೆಯಲ್ಲ, ಅದು ಕಳೆಯುವುದಿಲ್ಲ. ಸಂಬಳ ಚೀಟಿಯಲ್ಲಿ ಕೈಗೆ ಬಾರದ ಹಣವೆಲ್ಲ ತೆರಿಗೆ ಎಂದು ಹಾಕಿದವರ ಲೆಕ್ಕ ತಪ್ಪುತ್ತದೆ. ವಿನಿಮಯ ದರ ಎಸ್‌ಬಿಐ ವಿದೇಶಿ ಹಣ ಕೊಳ್ಳುವ ಟಿಟಿ ಖರೀದಿ ದರ: ಅಕ್ಟೋಬರ್ ಸಂಬಳಕ್ಕೆ ಸೆಪ್ಟೆಂಬರ್ ಕೊನೆಯ ದಿನದ್ದು, ನವೆಂಬರ್‌ಗೆ ಅಕ್ಟೋಬರ್ ಕೊನೆಯದ್ದು, ಹೀಗೆ. ಪ್ರತಿ ತಿಂಗಳೂ ಬರೆದಿಟ್ಟುಕೊಳ್ಳಿ.

ಜರ್ಮನಿಯ ವರ್ಷ ಜನವರಿಯಿಂದ ಡಿಸೆಂಬರ್. ಅಕ್ಟೋಬರ್‌ನಿಂದ ಕೆಲಸ ಮಾಡಿದವರಿಗೆ ಅಲ್ಲಿ ತಿಂಗಳ ಕಡಿತ ವರ್ಷಪೂರ್ತಿ ಅಷ್ಟೇ ಸಂಬಳ ಎಂಬಂತೆ ನಡೆಯುತ್ತದೆ, 12,096 ಯೂರೋ ಮೂಲ ವಿನಾಯಿತಿ ಮಾತ್ರ ಇಡೀ ವರ್ಷದ್ದು. ಹಾಗಾಗಿ ಅಲ್ಲಿ ರಿಟರ್ನ್ ಹಾಕಿದರೆ ಒಂದಿಷ್ಟು ವಾಪಸ್ ಬರುವುದುಂಟು. ಜನವರಿಯಿಂದ ಅಕ್ಟೋಬರ್‌ವರೆಗೆ ಭಾರತದಲ್ಲಿ ದುಡಿದದ್ದಕ್ಕೆ ಅಲ್ಲಿ ತೆರಿಗೆ ಇಲ್ಲ, ಆದರೆ ದರ ಏರಿಸಲು ಅದನ್ನು ಸೇರಿಸುತ್ತಾರೆ. ನಮ್ಮ ಅಡಿಕೆ ಲೆಕ್ಕದ ತರಹವೇ. ಅದನ್ನು ಅಲ್ಲಿನ ರಿಟರ್ನ್‌ನಲ್ಲಿ ಬರೆಯದೆ ಬಿಡಬೇಡಿ. ಇನ್ನು, ಅಲ್ಲಿ ವಾಪಸ್ ಬಂದ ಹಣವನ್ನು ಇಲ್ಲಿ "ಕಟ್ಟಿದ್ದೇನೆ" ಎಂದು ಕಳೆದಿದ್ದರೆ ಅದು ತಪ್ಪು ಕಳೆತ. ಅಲ್ಲಿನ 2025ರ ರಿಟರ್ನ್ ಮೊದಲು ಮುಗಿಸಿ, ಅಂತಿಮ ತೆರಿಗೆ ಎಷ್ಟೆಂದು ಗೊತ್ತಾದ ಮೇಲೆ ಇಲ್ಲಿ ಹಾಕಿ.

ಆಗುಂಬೆ_ಮಳೆ
ಸಂಕ್ರಾಂತಿಗೆ ಬಂದಾಗ ತೋಟದ ಮನೆಯಿಂದಲೇ ಲ್ಯಾಪ್‌ಟಾಪ್ ತೆರೆದು ದುಬೈ ಕೆಲಸ ಮಾಡುವವರಿಗೆ ಒಂದು ಮಾತು. ಭಾರತದ ನೆಲದಲ್ಲಿ ಮಾಡಿದ ಕೆಲಸದ ಸಂಬಳ ಭಾರತದಲ್ಲಿ ಹುಟ್ಟಿದ ಆದಾಯ, ಅನಿವಾಸಿಗೂ ತೆರಿಗೆ ಉಂಟು. ಒಪ್ಪಂದದಲ್ಲಿ ಅಲ್ಪಕಾಲದ ವಿನಾಯಿತಿ ಇದೆ, ಆದರೆ ಅದಕ್ಕೆ ಆ ದೇಶದ ನಿವಾಸಿ ಪ್ರಮಾಣಪತ್ರ, ಒಪ್ಪಂದದ ಲಾಭ ಕೇಳುವಾಗ ಕೊಡುವ ನಮೂನೆ 10ಎಫ್ ಬೇಕು. ಮೇಲೆ ಹೇಳಿದಂತೆ ಮೊದಲ ವರ್ಷ ಯುಎಇ ಪ್ರಮಾಣಪತ್ರ ಸಿಗುವುದೇ ಕಷ್ಟ. ಆ 10 ದಿನವನ್ನು ರಜೆ ಎಂದೇ ಹಾಕಿ, ರಜೆ ಮಂಜೂರಾದ ಇಮೇಲ್ ಇಟ್ಟುಕೊಳ್ಳಿ.

ಶರಾವತಿ_ಎಡದಂಡೆ
ಬ್ಯಾಂಕಿನದ್ದು ಚಿಕ್ಕದಾಗಿ. ಹೊರಟ ಮೇಲೆ ಉಳಿತಾಯ ಖಾತೆಯನ್ನು ಹಾಗೇ ಬಿಡುವಂತಿಲ್ಲ, ಎನ್‌ಆರ್‌ಒ ಮಾಡಿಸಬೇಕು. ದುಬೈ ಸಂಬಳ ಮೊದಲು ದುಬೈ ಖಾತೆಗೇ ಬೀಳಲಿ, ಅಲ್ಲಿಂದ ಎನ್‌ಆರ್‌ಇಗೆ ಕಳಿಸಿ. ಸಂಬಳ ನೇರ ಭಾರತದ ಖಾತೆಗೆ ಬಂದರೆ "ಭಾರತದಲ್ಲಿ ಪಡೆದ ಆದಾಯ" ಎಂಬ ವಾದಕ್ಕೆ ಎಡೆ ಮಾಡಿಕೊಟ್ಟಂತೆ. ಹಡಗಿನ ಕೆಲಸಗಾರರಿಗೆ ಎನ್‌ಆರ್‌ಇ ಖಾತೆಯ ಮಟ್ಟಿಗೆ ಕೇಂದ್ರ ನೇರ ತೆರಿಗೆ ಮಂಡಳಿ 2017ರಲ್ಲಿ ಸುತ್ತೋಲೆ ಹೊರಡಿಸಿ ಬಗೆಹರಿಸಿದೆ. ಆ ಸುತ್ತೋಲೆ ಅವರಿಗಷ್ಟೇ. ಪಿಪಿಎಫ್ ಇದ್ದರೆ ಅವಧಿ ಮುಗಿಯುವವರೆಗೆ ಕಟ್ಟಬಹುದು, ವಿಸ್ತರಣೆ ಇಲ್ಲ.

ವಾಪಸ್ ಬರಬೇಕಾದ ಆ 52,000 ಸಿಕ್ಕಿಕೊಳ್ಳುವುದು ಇಲ್ಲೇ. ಖಾತೆ ಎನ್‌ಆರ್‌ಒ ಆದ ಮೇಲೆ ಪೋರ್ಟಲ್‌ನಲ್ಲಿ ಮತ್ತೆ ದೃಢೀಕರಿಸದಿದ್ದರೆ ರಿಫಂಡ್ ಹಿಂದಕ್ಕೆ ಹೋಗುತ್ತದೆ. ರಿಟರ್ನ್‌ಗೆ ಐಟಿಆರ್-1 ಬಳಸುವಂತಿಲ್ಲ, ಐಟಿಆರ್-2. ಅದರಲ್ಲಿ ವಾಸದ ದೇಶದ ತೆರಿಗೆ ಸಂಖ್ಯೆ ಕೇಳುತ್ತದೆ. ಅಂಥ ಸಂಖ್ಯೆ ಕೊಡದ ದೇಶವಾದರೆ ಪಾಸ್‌ಪೋರ್ಟ್ ಸಂಖ್ಯೆ ಹಾಕಿ. ರಿಟರ್ನ್ ದೃಢೀಕರಿಸುವ ಆಧಾರ್ ಒಟಿಪಿಗಾಗಿ ಈಗಿನ ಸಿಮ್ ಜೀವಂತವಾಗಿರಲಿ. ಇಲ್ಲದಿದ್ದರೆ ಐಟಿಆರ್-ವಿ ಎಂಬ ದೃಢೀಕರಣ ಚೀಟಿಗೆ ಸಹಿ ಮಾಡಿ 30 ದಿನದೊಳಗೆ ಬೆಂಗಳೂರಿನ ಸಿಪಿಸಿಗೆ ಅಂಚೆಯಲ್ಲಿ ಮುಟ್ಟಿಸಬೇಕಾಗುತ್ತದೆ.

ಹೊಸನಗರ_ಹಳ್ಳ
ವಿಮಾನ ಹತ್ತುವ ಮೊದಲು ತೆರಿಗೆ ಬಾಕಿ ಇಲ್ಲವೆಂಬ ಪ್ರಮಾಣಪತ್ರ ಬೇಕು ಎಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ.

ಲೆಕ್ಕದ_ಕಡತ
ಎಲ್ಲರಿಗೂ ಬೇಡ. ಗಂಭೀರ ಹಣಕಾಸು ಅಕ್ರಮದ ತನಿಖೆಯಲ್ಲಿರುವವರು, 10 ಲಕ್ಷ ಮೀರಿದ ನೇರ ತೆರಿಗೆ ಬಾಕಿಗೆ ತಡೆಯಾಜ್ಞೆ ಇಲ್ಲದವರು, ಇಂಥವರಿಗೆ ಮಾತ್ರ ಎಂದು ಮಂಡಳಿ 2024ರ ಆಗಸ್ಟ್‌ನಲ್ಲಿ ಸ್ಪಷ್ಟ ಮಾಡಿದೆ.

ಮಂಡಗದ್ದೆ_ಹಕ್ಕಿ
ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ಮಾತಾಡಿದೆವು. ನವರಾತ್ರಿ ಶುರುವಾಗುವ ಮೊದಲೇ ಹೊರಡುವುದು, ಸಂಕ್ರಾಂತಿಗೆ ಬರುವುದು. 17ರ ರಾತ್ರಿಯ ವಿಮಾನ ನೋಡಿದ್ದೇನೆ, ಆಗ 170 ದಿನ, ಸಂಕ್ರಾಂತಿಗೆ 11 ದಿನ ಸಿಗುತ್ತದೆ ಅಲ್ಲವೇ? ಒಂದು ಎಕರೆಯ ಕ್ರಯ ಅಷ್ಟರೊಳಗೆ ಆಗದಿದ್ದರೆ ಮನೆಯವರ ಹೆಸರಿಗೆ. ತಂದೆಯ ಪರವಾಗಿ ಓಡಾಡಲು ತಮ್ಮನಿಗೆ ಅಧಿಕಾರಪತ್ರ ಕೊಡಬೇಕೇ?

ತೋಟದಮನೆ
ತಂದೆಯ ಹೆಸರಿನ ತೋಟಕ್ಕೆ ಅಧಿಕಾರಪತ್ರ ತಂದೆಯೇ ಕೊಡಬೇಕು, ನೀವಲ್ಲ. ನಿಮ್ಮ ಹೆಸರಿನ ಶಿವಮೊಗ್ಗದ ಮನೆಗೆ ಮಾತ್ರ ನೀವು ಕೊಡಿ, ಹೊರಡುವ ಮೊದಲು ಇಲ್ಲೇ ನೋಂದಣಿ ಮಾಡಿಸಿ. ಅಲ್ಲಿಗೆ ಹೋದ ಮೇಲಾದರೆ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಬೇಕು, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಆಗುಂಬೆ_ಮಳೆ
"17ರ ರಾತ್ರಿ" ಟಿಕೆಟ್‌ನಲ್ಲಿ ಏನೆಂದಿದೆ ನೋಡಿ. 18ರ 04.00 ಎಂದಿದ್ದರೆ 171 ಎಂದೇ ಹಿಡಿಯಿರಿ, ಆಗ ಸಂಕ್ರಾಂತಿಗೆ 10. ವಾಪಸ್ ಟಿಕೆಟ್ ಎಂಟನೇ ದಿನಕ್ಕೆ ಮಾಡಿಸಿ, ಎರಡು ದಿನ ಕೈಯಲ್ಲಿರಲಿ.